ಕುದುರೆ ಕಳೆದುಕೊಂಡ ಮುದುಕನೂ ಅವನ ನೆರೆಯವರೂ

ಮುಂದೆ ಬರತಕ್ಕದ್ದು ಒಳಿತೋ ಕೆಡುಕೋ ಎಂಬುದನ್ನು ಅದು ಬರುವುದಕ್ಕೆ ಮೊದಲೇ ಅರಿಯಬೇಕೆಂಬ ಹಂಬಲವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಪಂಚಾಂಗವಿಲ್ಲದ ಮನೆಗಳು ಇರಬಹುದು. ಈ ಹಂಬಲವಿಲ್ಲದ ಮನೆಯಿಲ್ಲ. ಹಲ್ಲಿಯು ಲೊಚಗುಟ್ಟಿದರೆ ಹಳಬರು ನೆಲವನ್ನು ಬೆರಳಿನಿಂದ ತಟ್ಟುವರು. ಹೊಸಬರು ಅವರನ್ನು ನೋಡಿ ನಕ್ಕು, ನಕ್ಕಾದ ಮೇಲೆ ಪತ್ರಿಕೆಯಲ್ಲಿ ವಾರಭವಿಷ್ಯದ ಅಂಕಣವನ್ನು ಹುಡುಕುವರು. ಈ ಒಂದು ವಿಷಯದಲ್ಲಿ ವಿದ್ಯೆಯು ಮನುಷ್ಯನನ್ನು ಬಹಳವಾಗಿ ಬದಲಾಯಿಸಿದಂತೆ ತೋರುವುದಿಲ್ಲ.

ಈ ಹಂಬಲವನ್ನು ಅದರ ಪೂರ್ಣಾಕಾರದಲ್ಲಿ ಕಾಣಬೇಕೆನ್ನುವವರು ಭಾರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಹೋಗಬೇಕು. ತುಂಗಭದ್ರೆಯ ಬದಿಯ ಈ ಗ್ರಾಮವು ಹೂವಿನಹಡಗಲಿ ತಾಲ್ಲೂಕಿಗೆ ಸೇರಿದುದು. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ವಿಜಯನಗರ ಜಿಲ್ಲೆಯನ್ನು ಮಾಡಿದಂದಿನಿಂದ ಆ ಹೊಸ ಜಿಲ್ಲೆಯ ಊರು. ಹುಣ್ಣಿಮೆ ಕಳೆದ ಎರಡು ದಿನಗಳ ಮೇಲೆ ಡೆಂಕನಮರಡಿಯೆಂಬಲ್ಲಿ ಲಕ್ಷಾಂತರ ಜನ ನೆರೆಯುವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಒಕ್ಕಲುಗಳು ಬರುವರು. ಹೊಳೆಯ ಆಚೆಯ ಹಾವೇರಿ ಸೀಮೆಯವರೂ ಬರುವರು. ಏಳುಕೋಟಿಯ ಘೋಷವೇನು, ಗಾಳಿಯಲ್ಲಿ ಹಾರುವ ಭಂಡಾರದ ಹಳದಿಯೇನು, ಕರಿಯ ಕಂಬಳಿಯ ಗೊರವರ ಡಮರುಗದ ಬಡಿತವೇನು! ಇವೆಲ್ಲದರ ನಡುವೆ, ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯನು ನೆಟ್ಟ ಬಿಲ್ಲನ್ನು ಏರುವನು. ‘ಸದ್ದಲೇ’ ಎಂದು ಒಂದು ಮಾತು. ಅಷ್ಟು ದೊಡ್ಡ ಜನಸಮುದ್ರವು ಉಸಿರು ಹಿಡಿಯುವುದು. ಎಲ್ಲಿಯೋ ಒಂದು ಕಂಕುಳ ಕೂಸು ಅತ್ತರೆ ಬಯಲಿಗೆಲ್ಲ ಕೇಳಿಸುವಂತಹ ನಿಶ್ಶಬ್ದ. ಆಗ ಅವನು ಒಂದೇ ಒಂದು ವಾಕ್ಯವನ್ನು ನುಡಿದು ಮೇಲಿನಿಂದ ಕೆಳಕ್ಕೆ ಬಿದ್ದುಬಿಡುವನು. ಕೆಳಗೆ ನಿಂತವರು ಹಿಡಿದುಕೊಳ್ಳುವರು. ಇದೇ ಮೈಲಾರದ ಕಾರ್ಣಿಕ.

ಗೊರವಯ್ಯನ ಕೆಲಸವು ಅಲ್ಲಿಗೆ ಮುಗಿಯಿತು. ಜನರ ಕೆಲಸವು ಅಲ್ಲಿಂದ ಮೊದಲಾಗುವುದು. ಸೂತ್ರವೊಂದು, ಭಾಷ್ಯಗಳು ಲಕ್ಷ. ಬಾದರಾಯಣರ ಸೂತ್ರಗಳಿಗೂ ಒಂದೇ ಸಂಜೆಯಲ್ಲಿ ಇಷ್ಟು ಜನ ಭಾಷ್ಯಕಾರರು ದೊರೆತಿಲ್ಲ. ರೈತನು ಅದರಲ್ಲಿ ಮಳೆಬೆಳೆಯನ್ನು ನೋಡುವನು, ವರ್ತಕನು ಧಾರಣೆಯನ್ನು ನೋಡುವನು, ರಾಜಕಾರಣಿಯು ಕುರ್ಚಿಯನ್ನು ನೋಡುವನು. 2023ರಲ್ಲಿ ಅಂಬಲಿಯು ಹಳಸಿತೆಂದೂ ಕಂಬಳಿಯು ಬೀಸಿತೆಂದೂ ನುಡಿಯಾಯಿತು. ಕಂಬಳಿಯಲ್ಲಿ ಹಾಲುಮತದ ನಾಯಕರೊಬ್ಬರಿಗೆ ಅಧಿಕಾರವನ್ನು ಕಂಡವರುಂಟು. ಹಳಸಿದ ಅಂಬಲಿಯಲ್ಲಿ ಒಕ್ಕಲಿನ ಉಣಿಸಿಗೆ ಬರುವ ಕುತ್ತನ್ನು ಕಾಣುವುದಕ್ಕೂ ಅಡ್ಡಿಯಿರಲಿಲ್ಲ. ಆ ವರ್ಷದ ಮೇ ತಿಂಗಳ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾದರು. ಅದೇ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಒಂದೇ ವಾಕ್ಯ, ಎರಡು ಅರ್ಥಗಳೂ ಫಲಿಸಿದವು. ತಾರ್ಕಿಕರು ಇದನ್ನು ಕಾಕತಾಲೀಯವೆಂದು ಕರೆದು, ಕಾಗೆಯು ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವಿಲ್ಲವೆಂದು ತೋರಿಸಿಯಾರು. ತೋರಿಸಲಿ. ಇಲ್ಲಿ ವಿಚಾರಿಸಬೇಕಾದುದು ಕಾಗೆಯ ಮಾತಲ್ಲ, ಹಣ್ಣಿನ ಮಾತು. ನುಡಿಯು ಫಲಿಸಿತೋ ಇಲ್ಲವೋ ಎಂಬುದಕ್ಕಿಂತಲೂ ಹಿಂದೆ ನಿಲ್ಲುವ ಪ್ರಶ್ನೆಯೊಂದುಂಟು. ಬಂದುದು ಬಂದಮೇಲಾದರೂ ಅದು ಒಳಿತೋ ಕೆಡುಕೋ ಎಂಬುದು ಮನುಷ್ಯನಿಗೆ ತಿಳಿಯುವುದೇ? ತಿಳಿಯುವುದಾದರೆ ಯಾವಾಗ, ಮತ್ತು ಯಾರ ಮನೆಯ ಅಂಗಳದಲ್ಲಿ ನಿಂತು ನೋಡಿದಾಗ?

ಚೀನದೇಶದಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಹಳೆಯ ಕತೆಯುಂಟು. ಮಕ್ಕಳಿಗೆ ಹೇಳುವಷ್ಟು ಚಿಕ್ಕದು. ಅಲ್ಲಿಯ ಜನ ಅದನ್ನು ನಾಲ್ಕು ಅಕ್ಷರಗಳ ಗಾದೆಯನ್ನಾಗಿ ಅಡಕಮಾಡಿಕೊಂಡು ಈಗಲೂ ನಿತ್ಯದ ಮಾತಿನಲ್ಲಿ ಬಳಸುವರು. ಗಡಿನಾಡಿನ ಮುದುಕನ ಕುದುರೆ ಕಳೆಯಿತು ಎಂಬಿಷ್ಟೇ ಆ ಗಾದೆ.

ಕತೆ ಹೀಗಿದೆ. ಚೀನದ ಗಡಿಯ ಬಳಿ ಒಬ್ಬ ಮುದುಕನಿದ್ದನು. ಗಡಿಯ ಆಚೆಗೆ ಹೂ ಎಂಬ ಹೆಸರಿನ ಅಲೆಮಾರಿ ರಾವುತರ ನಾಡು. ಒಂದು ದಿನ ಮುದುಕನ ಕುದುರೆಯು ಕಾರಣವೇ ಇಲ್ಲದೆ ಕಟ್ಟು ಕಿತ್ತುಕೊಂಡು ಆ ನಾಡಿಗೆ ಓಡಿಹೋಯಿತು. ನೆರೆಯವರು ಬಂದು ಅಯ್ಯೋ ಎಂದು ಮರುಗಿದರು. ಮುದುಕನು, ಇದೇ ಒಂದು ಭಾಗ್ಯವಾಗಬಾರದೇಕೆ ಎಂದನು. ಕೆಲವು ತಿಂಗಳ ಮೇಲೆ ಆ ಕುದುರೆಯು ಹೂ ನಾಡಿನ ಒಳ್ಳೊಳ್ಳೆಯ ಕುದುರೆಗಳನ್ನು ಜೊತೆಗೆ ಕರೆದುಕೊಂಡು ತಾನಾಗಿ ಹಿಂದಿರುಗಿತು. ನೆರೆಯವರು ಬಂದು ಸಂತೋಷಪಟ್ಟರು. ಮುದುಕನು, ಇದೇ ಒಂದು ಕೇಡಾಗಬಾರದೇಕೆ ಎಂದನು. ಮನೆಯ ತುಂಬ ಕುದುರೆಗಳಾದವು. ಮಗನಿಗೆ ಸವಾರಿಯ ಹುಚ್ಚು ಹತ್ತಿತು. ಬಿದ್ದು ತೊಡೆಯ ಮೂಳೆ ಮುರಿದುಕೊಂಡನು. ನೆರೆಯವರು ಮತ್ತೆ ಬಂದು ಮರುಗಿದರು. ಮುದುಕನು ಮತ್ತೆ, ಇದೂ ಭಾಗ್ಯವಾಗಬಾರದೇಕೆ ಎಂದನು. ವರ್ಷ ಕಳೆಯಿತು. ಹೂ ರಾವುತರು ದಂಡೆತ್ತಿ ಬಂದರು. ಮೈಯಲ್ಲಿ ಕಸುವಿದ್ದ ಗಂಡಸರೆಲ್ಲರೂ ಬಿಲ್ಲು ಹಿಡಿದು ಯುದ್ಧಕ್ಕೆ ಹೋಗಬೇಕಾಯಿತು; ಗಡಿಯ ಜನರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸತ್ತರು. ಮುದುಕನ ಮಗನು ಕುಂಟನಾದುದರಿಂದ ತಂದೆಮಕ್ಕಳಿಬ್ಬರೂ ಉಳಿದರು.

ಇಷ್ಟೇ ಕತೆ. ಇದು ಮೊದಲು ಬರೆದು ಸಿಕ್ಕುವುದು ‘ಹುವೈನಾನ್ ತ್ಸು’ ಎಂಬ ಗ್ರಂಥದಲ್ಲಿ. ಹುವೈನಾನ್ ಸೀಮೆಯ ಅರಸನಾದ ಲಿಯು ಆನ್ ಎಂಬವನು ತನ್ನ ಆಸ್ಥಾನದ ಪಂಡಿತರಿಂದ ಅದನ್ನು ಸಿದ್ಧಮಾಡಿಸಿ ಕ್ರಿಸ್ತಪೂರ್ವ 139ರಲ್ಲಿ ಚಕ್ರವರ್ತಿಗೆ ಒಪ್ಪಿಸಿದನು. ಅದರ ಇಪ್ಪತ್ತೊಂದು ಅಧ್ಯಾಯಗಳಲ್ಲಿ ಹದಿನೆಂಟನೆಯದು ಲೋಕವ್ಯವಹಾರವನ್ನು ಕುರಿತದ್ದು; ಲಾಭವು ನಷ್ಟವಾಗುವ, ನಷ್ಟವು ಲಾಭವಾಗುವ ಇಂತಹ ಕತೆಗಳಿಗೆ ಅಲ್ಲಿ ಕೊರತೆಯಿಲ್ಲ. ಭಾಗ್ಯವು ಕೇಡಾಗಬಹುದೆಂಬ ಮಾತಿಗೆ ಗ್ರಂಥವನ್ನು ಬರೆಯಿಸಿದವನೇ ಉದಾಹರಣೆಯಾದನು. ಗ್ರಂಥವನ್ನೊಪ್ಪಿಸಿದ ಹದಿನೇಳು ವರ್ಷಗಳ ಮೇಲೆ, ಕ್ರಿಸ್ತಪೂರ್ವ 122ರಲ್ಲಿ, ರಾಜದ್ರೋಹದ ಆಪಾದನೆ ಮೈಮೇಲೆ ಬಂದು ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಚರಿತ್ರೆಯು ಹೀಗೆ ಹೇಳುವುದು. ಅಜ್ಜಿಯರು ಬೇರೆ ಹೇಳುವರು. ಅವರ ಕತೆಯ ಪ್ರಕಾರ ಲಿಯು ಆನನು ಸಾಯಲೇ ಇಲ್ಲ. ಸಿದ್ಧೌಷಧವನ್ನು ಕುಡಿದು ಹಗಲಿನಲ್ಲಿಯೇ ಸ್ವರ್ಗಕ್ಕೇರಿದನು. ಔಷಧದ ಪಾತ್ರೆಯನ್ನು ಅಂಗಳದಲ್ಲಿ ಬಿಟ್ಟುಹೋಗಿದ್ದನು. ಅದನ್ನು ನೆಕ್ಕಿದ ಅವನ ಮನೆಯ ನಾಯಿಗಳೂ ಕೋಳಿಗಳೂ ಹಿಂದೆಯೇ ಏರಿದವು. ಮೋಡದೊಳಗಿಂದ ಬೊಗಳುವ ಸದ್ದೂ ಕೂಗುವ ಸದ್ದೂ ಕೇಳಿಸಿತಂತೆ. ಮೈಲಾರದ ಒಕ್ಕಲಿಗೆ ಈ ಕತೆಯು ಹೊಸದೆನಿಸಲಾರದು. ದೋಣಿಯಲ್ಲಿ ಹಾಲು ಬಾಳೆಹಣ್ಣು ಸಕ್ಕರೆಗಳನ್ನು ಕಲಸಿಟ್ಟರೆ, ಗೊರವರು ಮೈಲಾರಲಿಂಗನ ನಾಯಿಗಳೇ ತಾವಾಗಿ ಬೊಗಳುತ್ತ ಮಂಡಿಯೂರಿ ಬಾಯಿಹಾಕಿ ಉಣ್ಣುವುದನ್ನು ಅವನು ಎಳೆತನದಿಂದ ನೋಡಿರುವನು. ಒಡೆಯನ ಪಾತ್ರೆಯನ್ನು ನೆಕ್ಕಿದ ನಾಯಿಗೆ ಸದ್ಗತಿಯುಂಟೆಂಬುದು ಎರಡು ನಾಡುಗಳಿಗೂ ಸಮ್ಮತವಾದ ಮಾತೆಂದಾಯಿತು. ಇದು ಪ್ರಕೃತಕ್ಕೆ ಸೇರಿದುದಲ್ಲ; ಆದರೂ ಬಿಡಲಾಗಲಿಲ್ಲ.

ಪ್ರಕೃತಕ್ಕೆ ಬರುವ. ಮೂಲಗ್ರಂಥವು ಈ ಮುದುಕನನ್ನು ನಿಮಿತ್ತವಿದ್ಯೆಯಲ್ಲಿ ಪಳಗಿದವನೆಂದು ಹೇಳಿರುವುದು. ಈಚೆಗೆ ಕತೆ ಹೇಳುವವರು ಅವನನ್ನು ಬರಿಯ ರೈತನನ್ನಾಗಿ ಮಾಡಿ ಈ ಮಾತನ್ನು ಬಿಟ್ಟುಬಿಡುವುದುಂಟು, ಬಿಡಬಾರದಾಗಿತ್ತು. ಕತೆಯ ಸ್ವಾರಸ್ಯವೇ ಅಲ್ಲಿದೆ. ಶಕುನ ನೋಡಬಲ್ಲವನು, ಮುಂದಾಗುವುದನ್ನು ಹೇಳಬಲ್ಲವನೆಂದು ಊರವರು ನಂಬಿದವನು; ಅಂಥವನು ಮೂರು ಸಲ ಬಾಯಿಬಿಟ್ಟರೂ ಒಂದು ಸಲವೂ ಇಂಥದೇ ಆಗುವುದೆಂದು ಹೇಳಲಿಲ್ಲ. ಮೂರು ಸಲವೂ ಪ್ರಶ್ನೆಯನ್ನೇ ಕೇಳಿದನು. ನಮ್ಮ ಮೈಲಾರದಲ್ಲಿ ಗೊರವಯ್ಯನು ವಾಕ್ಯವನ್ನು ಕೊಟ್ಟು, ಜನರು ಪ್ರಶ್ನೆಯನ್ನು ಕಟ್ಟಿಕೊಂಡು ಹೋಗುವರು. ಅಲ್ಲಿ ಜನರು ವಾಕ್ಯವನ್ನು ಹೊತ್ತುತಂದರೆ ನಿಮಿತ್ತಜ್ಞನು ಅದಕ್ಕೆ ಪ್ರಶ್ನೆಯನ್ನು ಅಂಟಿಸಿ ಹಿಂದಕ್ಕೆ ಕಳುಹಿಸುವನು.

ನಮ್ಮಲ್ಲಿಯೂ ಇದಕ್ಕೆ ದಾಯಾದಿಯಾದ ಕತೆಯೊಂದುಂಟು, ಕೇಳದವರು ಕಡಿಮೆ. ಅರಸನ ಬೆರಳು ತುಂಡಾಯಿತು. ಮಂತ್ರಿಯು ಎಲ್ಲವೂ ಒಳ್ಳೆಯದಕ್ಕೇ ಎಂದನು. ಅರಸನು ಸಿಟ್ಟಿಗೆದ್ದು ಅವನನ್ನು ಸೆರೆಮನೆಗೆ ನೂಕಿಸಿ ತಾನೊಬ್ಬನೇ ಬೇಟೆಗೆ ಹೋದನು. ಕಾಡಿನವರು ಹಿಡಿದು ದೇವಿಗೆ ಬಲಿಯೆಂದು ನಿಲ್ಲಿಸಿದರು. ಬೆರಳಿಲ್ಲದುದನ್ನು ಕಂಡು ಅಂಗಹೀನನು ಬಲಿಗೆ ಯೋಗ್ಯನಲ್ಲವೆಂದು ಬಿಟ್ಟರು. ಅರಸನು ಓಡಿಬಂದು ಮಂತ್ರಿಯನ್ನು ಬಿಡಿಸಲು, ಅವನು ತಾನು ಸೆರೆಯಲ್ಲಿದ್ದುದೂ ಒಳ್ಳೆಯದಕ್ಕೇ ಆಯಿತು, ಜೊತೆಗೆ ಬಂದಿದ್ದರೆ ಹತ್ತು ಬೆರಳಿನವನಾದ ತನ್ನನ್ನು ಬಿಡುತ್ತಿದ್ದರೇ ಎಂದನು. ಈ ಮಂತ್ರಿಗೂ ಚೀನದ ಮುದುಕನಿಗೂ ಇರುವ ಭೇದವನ್ನು ಗಮನಿಸಬೇಕು. ಮಂತ್ರಿಯದು ನಿಶ್ಚಯ, ಮುದುಕನದು ಸಂದೇಹ. ಮಂತ್ರಿಯ ಪಾಲಿಗೆ ಎಲ್ಲವೂ ಒಳಿತೇ. ಮುದುಕನು ಒಳಿತು ಬಂದಾಗಲೂ ಹಿಗ್ಗಲಿಲ್ಲ. ಭಕ್ತನಿಗೆ ಮಂತ್ರಿಯು ಹತ್ತಿರದವನು. ತನ್ನ ಲೋಭವು ಬಯಲಾದುದೇ ದಾಸದೀಕ್ಷೆಗೆ ದಾರಿಯಾಯಿತೆಂದು ಹಿಗ್ಗಿ ಕೀರ್ತನೆ ಕಟ್ಟಿದ ಪುರಂದರದಾಸರು ಈ ಪಂಕ್ತಿಯಲ್ಲಿ ಕುಳಿತವರು. ಬುದ್ಧಿಗೆ ಮಾತ್ರ ಮುದುಕನು ಹೆಚ್ಚು ಒಪ್ಪಿಗೆಯಾಗುವನು. ತಿಳಿಯದುದನ್ನು ತಿಳಿಯದು ಎಂದವನೊಡನೆ ವಾದಕ್ಕೆ ನಿಲ್ಲುವುದು ಕಷ್ಟ.

ಇಲ್ಲಿಯವರೆಗೆ ಕತೆಯು ಮುದುಕನ ಪಕ್ಷವಾಗಿಯೇ ನಡೆಯಿತು. ಇನ್ನು ಸ್ವಲ್ಪ ಪೂರ್ವಪಕ್ಷವನ್ನೂ ಕೇಳಬೇಕು.

ಮುದುಕನನ್ನು ಚೀನದಿಂದ ಕರೆತಂದು ಹಡಗಲಿ ಸೀಮೆಯ ಒಂದು ಹಳ್ಳಿಯಲ್ಲಿ ಇರಿಸೋಣ. ಇಲ್ಲಿ ಕುದುರೆಯು ಮೈಲಾರಲಿಂಗನಿಗೆ ಮಾತ್ರ, ಒಕ್ಕಲಿಗೆ ಎತ್ತು. ಒಂದು ಬೆಳಗ್ಗೆ ಎತ್ತು ಕಣ್ಣಿ ಹರಿದುಕೊಂಡು ಹೋಗಿರುವುದು. ಮಗ್ಗುಲ ಮನೆಯವನು ಬಂದು, “ಯಜ್ಜಾ, ಎತ್ತು ಹೋತಂತಲ್ಲ!” ಎನ್ನುವನು. “ಹೋದ್ರ ಹೋಗ್ಲಿ ಬಿಡಪಾ, ಚಲೋದಕ್ಕೋ ಏನೋ, ಯಾರು ಬಲ್ಲರು?” ಎಂದು ಮುದುಕನು ಎಲೆಯಡಿಕೆ ಮುಂದಿಡುವನು. ತಿಂಗಳೆರಡು ಕಳೆದು ಆ ಎತ್ತು ನಾಲ್ಕು ಕೊಬ್ಬಿದ ಹೋರಿಗಳೊಡನೆ ಹಿತ್ತಲಿಗೆ ಬಂದು ನಿಲ್ಲುವುದು. ಆಗ ನೆರೆಯವನು ಚೀನದವನಂತೆ ಸಂತೋಷಪಟ್ಟು ಹೋಗುವನೇ? ಎಂದಿಗೂ ಇಲ್ಲ. ಅವನ ಮೊದಲನೆಯ ಮಾತು, “ಯಜ್ಜಾ, ಇವು ಯಾರವು?” ಎಂಬುದು. ಎರಡನೆಯ ಮಾತು ಡಂಗುರದ ಮಾತು, ಮೂರನೆಯದು ದೊಡ್ಡಿಗೆ ಹೊಡೆಯುವ ಮಾತು. ಒಡೆಯನು ತಿಳಿಯದ ಸೊತ್ತು ದೊರೆತರೆ ಅರಸನು ಅದನ್ನು ಮೂರು ವರ್ಷ ಕಾದಿಡಬೇಕು, ಅಷ್ಟರೊಳಗೆ ಒಡೆಯನು ಬಂದರೆ ಒಪ್ಪಿಸಬೇಕು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುವುದು. ಸ್ಮೃತಿಯನ್ನು ಓದದ ಒಕ್ಕಲೂ ಇಷ್ಟನ್ನು ಬಲ್ಲನು.

ಚೀನದ ಮುದುಕನು ಭಾಗ್ಯವೋ ಕೇಡೋ ಎಂದು ಕೇಳಿದನೇ ಹೊರತು, ಈ ಕುದುರೆಗಳು ಯಾರವು ಎಂದು ಕೇಳಲಿಲ್ಲ. ಅಷ್ಟು ಒಳ್ಳೆಯ ಕುದುರೆಗಳನ್ನು ಕಳೆದುಕೊಂಡ ಹೂ ನಾಡಿನ ಯಾವನೋ ಒಬ್ಬ ಮುದುಕನ ಮನೆಯಲ್ಲಿಯೂ ನೆರೆಯವರು ಸೇರಿ ಮರುಗಿದ್ದಾರು. ಅಲ್ಲಿಯೂ ಅವನು, ಇದು ಭಾಗ್ಯವಾಗಬಾರದೇಕೆ ಎಂದು ಸುಮ್ಮನೆ ಕುಳಿತಿದ್ದರೆ ಸರಿಹೋಗುತ್ತಿತ್ತು, ಕುಳಿತಂತೆ ಕಾಣುವುದಿಲ್ಲ. ಹೂ ರಾವುತರು ಅಷ್ಟರಲ್ಲೇ ಗಡಿ ದಾಟಿ ಬಂದರೆಂದು ಕತೆಯೇ ಹೇಳುವುದು. ಅವರು ಬಂದುದು ಏತಕ್ಕೆಂದು ಗ್ರಂಥಕಾರನು ಬರೆದಿಲ್ಲ. ಕುದುರೆಗಳನ್ನು ಹುಡುಕಿಕೊಂಡೇ ಬಂದರೆಂದು ಒಬ್ಬ ಕುಚೋದ್ಯಗಾರನು ಊಹಿಸಿದರೆ, ಅದನ್ನು ಅಲ್ಲಗಳೆಯುವುದಕ್ಕೆ ಗ್ರಂಥದಲ್ಲಿ ಆಧಾರವೇನೂ ಸಿಕ್ಕುವುದಿಲ್ಲ.

ಇದು ವಿನೋದ. ಆದರೆ ವಿನೋದದ ಬೆನ್ನಿಗೆ ಬರುವ ಮಾತು ವಿನೋದವಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಸತ್ತರು ಎಂಬ ವಾಕ್ಯವನ್ನು ಕತೆಯು ಎಷ್ಟು ಬೇಗ ದಾಟಿಹೋಗುವುದೆಂಬುದನ್ನು ನೋಡಬೇಕು. ಕೇಳುವವರ ಕಣ್ಣು ಕುಂಟಮಗನ ಮೇಲಿರುವುದು. ಅವನು ಉಳಿದನೆಂದು ಹಾಯೆನಿಸುವುದು. ಮೂಳೆ ಮುರಿದುದು ಕೊನೆಗೂ ಒಳ್ಳೆಯದಾಯಿತೆಂದು ತಲೆದೂಗುವರು. ಯಾರಿಗೆ ಒಳ್ಳೆಯದಾಯಿತು? ಒಂದು ಮನೆಗೆ. ಆ ಒಂದು ಮನೆಯ ಅಂಗಳದಲ್ಲಿ ಲೆಕ್ಕದ ಪುಸ್ತಕವನ್ನು ಬಿಚ್ಚಿ ಕುಳಿತುದರಿಂದ ಮಾತ್ರ ಕಡೆಯ ಸಾಲಿನಲ್ಲಿ ಲಾಭವೆಂದು ಬರೆಯಲು ಸಾಧ್ಯವಾಯಿತು. ಬೆರಳು ತುಂಡಾದ ಅರಸನ ಕತೆಯಲ್ಲಿಯೂ ಇದೇ ಕುಂದು. ಅರಸನನ್ನು ಬಿಟ್ಟ ಮೇಲೆ ಆ ಕಾಡಿನವರು ಬಲಿಯ ಕಲ್ಲನ್ನು ತೊಳೆದಿಟ್ಟು ಮನೆಗೆ ಹೋದರೋ, ಇಲ್ಲವೇ ಹತ್ತು ಬೆರಳಿನ ಇನ್ನೊಬ್ಬ ದಾರಿಹೋಕನು ಸಿಕ್ಕುವವರೆಗೂ ಕಾದರೋ, ಕತೆ ಹೇಳುವ ಅಜ್ಜಿಯನ್ನು ಯಾವ ಮೊಮ್ಮಗನೂ ಕೇಳಿದಂತಿಲ್ಲ.

ಈ ಮಾತು ಹಳೆಯ ಕತೆಗಳಿಗೆ ಮಾತ್ರ ಸಲ್ಲುವುದೆಂದು ತಿಳಿಯಬಾರದು. ಮೈಲಾರದ ಬದಿಯಲ್ಲಿ ಹರಿಯುವ ಹೊಳೆಯ ಜೊತೆಯಲ್ಲಿಯೇ ಕೆಳಕ್ಕೆ ನಡೆದರೆ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯವು ಸಿಕ್ಕುವುದು. 2024ರ ಕಾರ್ಣಿಕವು ಸಂಪಿನ ಕಾರ್ಣಿಕ. ಬರದಲ್ಲಿ ಬೆಂದಿದ್ದ ನಾಡು ಆ ನುಡಿಯನ್ನು ಕೇಳಿ ತಣಿಯಿತು. ಮಳೆ ಬಂತು, ಜಲಾಶಯವು ತುಂಬಿತು, ಜನರು ಸಂತೋಷಪಟ್ಟರು. ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಹರಿದು, ಗೇಟೇ ಕೊಚ್ಚಿಹೋಯಿತು. ಮೈಲಾರದ ಜಾತ್ರೆಯಲ್ಲಿ ಸರಪಳಿ ಹರಿದರೆ ಪವಾಡ. ಇಲ್ಲಿ ಹರಿದುದು ಕಾಲುವೆಯ ಕೊನೆಯ ಗದ್ದೆಯವರೆಗೂ ಎದೆ ನಡುಗಿಸಿತು. ತುಂಬಿದ ನೀರನ್ನು, ಒತ್ತಡವು ತಗ್ಗಲೆಂದು, 33 ಗೇಟುಗಳಿಂದಲೂ ಹೊಳೆಗೆ ಬಿಡಬೇಕಾಯಿತು. ಜನರು ಮರುಗಿದರು. ವಾರದೊಳಗೆ, ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದಿಳಿಸಿ ಬಾಯಿ ಮುಚ್ಚಿದರು. ಮಳೆಯು ಮತ್ತೆ ಬಂದು ಸೆಪ್ಟಂಬರಿನ ಹೊತ್ತಿಗೆ ಜಲಾಶಯವು ಮತ್ತೆ ತುಂಬುತ್ತ ಬಂತು. ಜನರು ಸಂತೋಷಪಟ್ಟರು. ಅದರ ಮರುವರ್ಷ, ಹಳೆಯ ಗೇಟುಗಳ ಮೇಲೆ ಭಾರ ಬೀಳಬಾರದೆಂದು, ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 80ನ್ನೇ ಮಿತಿಯಾಗಿ ನಿಲ್ಲಿಸಿದರು. ಚೀನದ ಮುದುಕನು ಗಡಿಯನ್ನು ಬಿಟ್ಟು ಹೊಸಪೇಟೆಯ ಕಟ್ಟೆಯ ಮೇಲೆ ಕುಳಿತಿದ್ದರೂ ಅವನಿಗೆ ಮಾತಿನ ಬಡತನವಾಗುತ್ತಿರಲಿಲ್ಲ.

ಕಟ್ಟೆಯ ಮೇಲಿನಿಂದ ಇನ್ನೊಂದು ನೋಟವೂ ಉಂಟು. 1945ರಲ್ಲಿ ಅಡಿಗಲ್ಲಿಟ್ಟು 1953ರಲ್ಲಿ ನೀರು ಕಂಡ ಈ ಜಲಾಶಯವು ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಕರಿಯ ನೆಲದಲ್ಲಿ ಬತ್ತವನ್ನು ಬೆಳೆಯಿಸಿತು. ಅದು ಭಾಗ್ಯವಲ್ಲವೆಂದು ಯಾರು ಹೇಳಿಯಾರು? ಅದೇ ನೀರಿನ ಅಡಿಯಲ್ಲಿ 90 ಊರುಗಳು ಮುಳುಗಿದವು. 54 ಸಾವಿರದಷ್ಟು ಜನ ಎದ್ದು ಹೋಗಬೇಕಾಯಿತು. ನಾರಾಯಣದೇವರಕೆರೆಯವರು ದೇವರನ್ನು ಹೊತ್ತುಕೊಂಡು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಗೊಂಡರು. ಸಿಂಧನೂರಿನ ಗದ್ದೆಯ ಬದುವಿನ ಮೇಲೆ ನಿಂತವನು ನಾಡಿಗೆ ಒಳ್ಳೆಯದಾಯಿತೆಂದರೆ ಸುಳ್ಳಾಗುವುದಿಲ್ಲ. ಬೇಸಗೆಯಲ್ಲಿ ನೀರು ಇಳಿದು ಹಳೆಯ ಊರಿನ ಕುರುಹು ಕಂಡಾಗ, ಅದನ್ನು ನೋಡಲು ಹೋದ ಮುದುಕಿಯ ಎದುರಿಗೆ ನಿಂತು ಅದೇ ಮಾತನ್ನು ಆಡಿದರೆ ಅದು ಏನಾಗುವುದೆಂಬುದಕ್ಕೆ ಹೆಸರು ಹುಡುಕಬೇಕು. ಮಾತು ಬದಲಾಗಲಿಲ್ಲ, ಅಂಗಳವು ಬದಲಾಯಿತು.

ಇಲ್ಲಿ ವೇದಾಂತವನ್ನು ಬಲ್ಲವರು ಆಕ್ಷೇಪಿಸಬಹುದು. ಹಾಗಾದರೆ ಮುದುಕನು ಕುದುರೆಗಾಗಿ ಅತ್ತಿದ್ದರೆ ಸರಿಯಾಗುತ್ತಿತ್ತೋ? ಸುಖದುಃಖಗಳಲ್ಲಿ ಅಲುಗದಿರುವುದೇ ಜ್ಞಾನಿಯ ಲಕ್ಷಣವೆಂದು ಗೀತೆಯ ಎರಡನೆಯ ಅಧ್ಯಾಯವು ಸ್ಥಿತಪ್ರಜ್ಞನನ್ನು ವರ್ಣಿಸಿದೆಯಲ್ಲವೇ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ತನ್ನ ಕುದುರೆ ಹೋದಾಗ ಅಲುಗದಿರುವುದಕ್ಕೆ ಇಲ್ಲಿ ಯಾರ ಅಡ್ಡಿಯೂ ಇಲ್ಲ. ಆ ಸ್ಥೈರ್ಯಕ್ಕೆ ಕೈಮುಗಿಯಬೇಕು. ಆದರೆ ಎರಡನೆಯ ಅಧ್ಯಾಯದಲ್ಲಿ ನಿಂತುಬಿಡದೆ ಆರನೆಯದನ್ನೂ ಓದಬೇಕಷ್ಟೆ. ಬೇರೆಯವರ ಸುಖವನ್ನೂ ದುಃಖವನ್ನೂ ತನ್ನದಕ್ಕೆ ಹೋಲಿಸಿಕೊಂಡು ಸಮನಾಗಿ ನೋಡುವವನೇ ಯೋಗಿಗಳಲ್ಲಿ ಹೆಚ್ಚಿನವನೆಂದು ಅಲ್ಲಿ ಹೇಳಿರುವುದು. ತನ್ನ ನೋವಿಗೆ ಹೇಳಿಕೊಂಡ ತತ್ತ್ವವನ್ನು ನೆರೆಯವನ ನೋವಿನ ಮೇಲೂ ಸುರಿದರೆ ಅದು ಅದೇ ತತ್ತ್ವವಾಗಿ ಉಳಿಯುವುದಿಲ್ಲ. ಮನೆಯ ಒಲೆಯ ಬೂದಿಯಿಂದ ಸ್ವಂತ ಪಾತ್ರೆಯನ್ನು ತಿಕ್ಕಿದರೆ ಹೊಳಪು ಬರುವುದು. ಅದನ್ನೇ ಪಕ್ಕದ ಮನೆಯವರ ಅನ್ನದಲ್ಲಿ ಹಾಕಿದರೆ ಜಗಳವಾಗುವುದು.

ಮಗನ ವಿಷಯದಲ್ಲಿಯೇ ಮುದುಕನು ಗಡಿಯನ್ನು ದಾಟಿದನೆಂದು ತೋರುವುದು. ಗಡಿಯ ಮೇಲಿದ್ದವನಿಗೆ ಇದು ಸುಲಭವೂ ಆಗಿತ್ತು. ಕುದುರೆ ತನ್ನದು, ತೊಡೆಯು ಮಗನದು. ಮೂಳೆ ಮುರಿದು ಚಾಪೆಯ ಮೇಲೆ ಹೊರಳುತ್ತಿದ್ದ ಹುಡುಗನ ಎದುರಿಗೆ, ಇದು ಭಾಗ್ಯವಾಗಬಾರದೇಕೆ ಎಂದು ಕೇಳಿದನಲ್ಲ, ಆಗ ಮಗನು ಏನೆಂದನು? ಕತೆಯಲ್ಲಿ ಮಗನಿಗೆ ಮಾತೇ ಇಲ್ಲ. ತಾಯಿಯೊಬ್ಬಳಿದ್ದಿದ್ದರೆ ಅವಳ ಮಾತಾದರೂ ಇರುತ್ತಿತ್ತು. ಬಹುಶಃ ಅದಕ್ಕಾಗಿಯೇ ಗ್ರಂಥಕಾರನು ಅವಳನ್ನು ಕತೆಯೊಳಗೆ ಕರೆಯದೆ ಜಾಣತನ ಮಾಡಿರುವನು.

ಎರಡು ಸಾವಿರ ವರ್ಷಗಳಿಂದ ಈ ಕತೆಯನ್ನು ಕೇಳಿದವರೆಲ್ಲರೂ ಮುದುಕನನ್ನು ಹೊಗಳಿದರು, ನೆರೆಯವರನ್ನು ನೋಡಿ ನಕ್ಕರು. ಮೂರು ಸಲ ಬಂದರು, ಮೂರು ಸಲವೂ ತಪ್ಪಿದರು ಎಂದು ನಗೆ. ತಪ್ಪಿದರೆಂಬುದು ನಿಜವೇ. ಆದರೆ ಬಂದರಷ್ಟೆ! ಕುದುರೆ ಹೋದ ದಿನ ಹೊಲಗೆಲಸವನ್ನು ಬಿಟ್ಟು ಬಂದರು. ಕುದುರೆಗಳ ಹಿಂಡು ಬಂದ ದಿನವೂ ಬಂದರು. ಮರುಗುವುದಕ್ಕೆ ಬರುವುದಕ್ಕಿಂತ ಇದು ಕಷ್ಟ, ಯಾಕೆಂದರೆ ಪಕ್ಕದವನ ಹಿತ್ತಲಿನಲ್ಲಿ ಹತ್ತು ಕುದುರೆಗಳು ಕೆನೆಯುತ್ತಿರುವಾಗ ಹೊಟ್ಟೆಕಿಚ್ಚಿಲ್ಲದೆ ನಕ್ಕು ಮಾತನಾಡಿಸಿ ಹೋಗುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಎರಡು ಸಲವೂ ಮುದುಕನು ಅವರ ಮಾತನ್ನು ಅವರ ಮುಖಕ್ಕೇ ಹಿಂದಿರುಗಿಸಿದ್ದನು. ಒಂದು ಸಲ ಮರುಗಲು ಹೋಗಿ ಹೀಗೆನಿಸಿಕೊಂಡವರು ಎರಡನೆಯ ಸಲ ಹೋಗಲು ಹಿಂಜರಿಯುವುದೇ ಲೋಕರೂಢಿ. ಮಗನ ಕಾಲು ಮುರಿದ ದಿನ ಅವರು ಮೂರನೆಯ ಸಲವೂ ಬಂದರು. ಭಾಗ್ಯವೇನು ಕೇಡೇನು ಎಂಬ ವಿಚಾರವು ಅವರಿಗೆ ತಿಳಿಯದಿರಬಹುದು. ಕೇಡು ಬಂದ ಮನೆಗೆ ಹೋಗಬೇಕೆಂಬುದು ತಿಳಿದಿತ್ತು. ಜ್ಞಾನದಲ್ಲಿ ಮುದುಕನು ಗೆದ್ದಿರಬಹುದು. ಧರ್ಮದಲ್ಲಿ ಅವನು ಗೆದ್ದನೆಂದು ಹೇಳುವುದಕ್ಕೆ ಸಾಕ್ಷ್ಯವು ಸಾಲದು.

ಮೈಲಾರದ ಬಿಲ್ಲಿನ ಬುಡದಲ್ಲಿಯೂ ಇಂತಹ ನೆರೆಯವರು ಕೆಲವರಿರುವರು. ಕಾರ್ಣಿಕದ ನುಡಿಯು ಹೊರಬಿದ್ದೊಡನೆ ಬಯಲಿನ ಅಷ್ಟು ಕಿವಿಗಳೂ ಆ ನುಡಿಯನ್ನು ಹಿಡಿದುಕೊಂಡು, ಹೀಗೆಂದನೋ ಹಾಗೆಂದನೋ ಎಂದು ತಮ್ಮ ತಮ್ಮ ಹೊಲ, ಅಂಗಡಿ, ಚುನಾವಣೆಗಳ ಕಡೆಗೆ ಓಡುವುವು. ಬುಡದಲ್ಲಿ ನಿಂತವರ ಕಣ್ಣು ಮಾತ್ರ ನುಡಿಯ ಮೇಲಿರುವುದಿಲ್ಲ, ನುಡಿದವನ ಮೇಲಿರುವುದು. ಹನ್ನೊಂದು ದಿನ ಉಂಡಿಲ್ಲದ ಮೈಯೊಂದು ಮೇಲಿನಿಂದ ಬೀಳುತ್ತಿರುವಾಗ ಅದರ ಮಾತು ಮಳೆಗೆ ಸಲ್ಲುವುದೋ ಮಂತ್ರಿಮಂಡಲಕ್ಕೆ ಸಲ್ಲುವುದೋ ಎಂದು ಯೋಚಿಸುತ್ತ ನಿಂತರೆ ಮುಂದಿನ ವರ್ಷದ ಕಾರ್ಣಿಕಕ್ಕೆ ಬೇರೆಯವನನ್ನು ನೋಡಬೇಕಾದೀತು. ಆ ವರ್ಷದ ನುಡಿಯನ್ನು ಅವರು ಬಹುಶಃ ಆಮೇಲೆ ಬೇರೆಯವರ ಬಾಯಿಂದ ಸರಿಯಾಗಿ ಕೇಳಿ ತಿಳಿದುಕೊಳ್ಳುವರು.

ಗಡಿನಾಡಿನ ಕತೆಗೆ ಹಿಂದಿರುಗಿ ಒಂದು ಸಣ್ಣ ಅಂಶವನ್ನು ಗಮನಿಸಬೇಕು. ಕುದುರೆ ಹೋದಾಗ ನೆರೆಯವರು ಬಂದರೆಂದು ಗ್ರಂಥದಲ್ಲಿದೆ. ಕುದುರೆ ಬಂದಾಗ ಬಂದರೆಂದಿದೆ. ಕಾಲು ಮುರಿದಾಗ ಬಂದರೆಂದಿದೆ. ಮಗನು ಯುದ್ಧದಿಂದ ಉಳಿದುಕೊಂಡಾಗ ಬಂದರೆಂದು ಇಲ್ಲ. ಇರುವುದು ಹೇಗೆ? ಹತ್ತು ಮನೆಗಳಲ್ಲಿ ಒಂಬತ್ತರ ಬಾಗಿಲಲ್ಲಿ ಅಂದು ಅಳುವಿನ ಸದ್ದು. ಆ ಬಾಗಿಲುಗಳಿಗೆ ಮುದುಕನು, ಕುಂಟಮಗನ ಹೆಗಲಿಗೆ ಕೈಕೊಟ್ಟು ನಡೆಯಿಸಿಕೊಂಡು, ಒಂದು ಸಲವಾದರೂ ಹೋದನೇ? ಹೋಗಿ ಏನಾದರೂ ಮಾತನಾಡಿದನೇ, ಇಲ್ಲವೇ ಮಾತನಾಡದೆ ಅವರೊಡನೆ ಸುಮ್ಮನೆ ಕುಳಿತುಬಂದನೇ? ಲಿಯು ಆನನ ಪಂಡಿತರು ಅದನ್ನು ಬರೆದಿಟ್ಟಿಲ್ಲ.